ಅಳಿಲು ಬಂದೂಕಿನ ಹೊಸ ವೇಷ

ಕೊನೆಯ ತಿರುಪು ಬಿಗಿದು ಡ್ವೈಟ್ ರೈಫಲನ್ನು ಎತ್ತಿ ಹಿಡಿದ. ಕೆಂಟಕಿಯ ಕಾಡಿನಲ್ಲಿ ಅವನಪ್ಪ ಅಳಿಲು ಹೊಡೆಯುತ್ತಿದ್ದ ಸಣ್ಣ ರೈಫಲು. ಸೈನ್ಯದ ಬಂದೂಕಿನಂತೆ ಕಾಣಿಸುವ ಕಪ್ಪು ಹೊರಕವಚವೊಂದನ್ನು ಅಂಚೆಯಲ್ಲಿ ತರಿಸಿ ನಳಿಗೆಗೆ ಕೂರಿಸಿದ್ದೇ ತಡ, ಅದರ ಚಹರೆಯೇ ಬದಲಾಗಿತ್ತು. ಒಳಗೆ ಗುಂಡಿಲ್ಲವೆಂದು ಇನ್ನೊಮ್ಮೆ ನೋಡಿಕೊಂಡು, ಹೆಂಡತಿಗೆ ತೋರಿಸಲು ನಡೆದ.

ಎರಡನೇ ಕ್ಲಾಸಿನ ಟೀಚರ್ ಮಾರ್ಲೀನ್ ಊಟದ ಕೋಣೆಯಲ್ಲಿ ಕೂತು ಮಕ್ಕಳ ಚಿತ್ರಗಳನ್ನು ತಿದ್ದುತ್ತಿದ್ದಳು.

"ಲೇ, ನೋಡೇ ಇಲ್ಲಿ! ಅಪ್ಪನ ಗುಬ್ಬಚ್ಚಿ ಹದ್ದಾಗ್ಬಿಡ್ತು!"

ಅವಳು ತಲೆಯೆತ್ತಿದಳು. ಕಣ್ಣು ಅವನ ಮುಖದವರೆಗೆ ಬರಲಿಲ್ಲ, ರೈಫಲಿನ ಮೇಲೆಯೇ ನಿಂತಿತು. ಮರುಗಳಿಗೆಯಲ್ಲೇ ಬಾಗಿಲು ಅವನ ಮೂಗಿನ ಮುಂದೆ ಧಡಾರನೆ ಮುಚ್ಚಿತು. ಚಿಲಕ ಬಿತ್ತು. ಪರದೆ ಎಳೆದ ಸದ್ದಾಯಿತು. ಮೇಜು ಗರಗರನೆ ಬಂದು ಬಾಗಿಲಿಗೆ ಒತ್ತಿಕೊಂಡಿತು.

"ಏಯ್, ತಮಾಷೆ ಸಾಕು, ಬಾಗ್ಲು ತೆಗಿ," ಎಂದು ಡ್ವೈಟ್ ನಕ್ಕ.

ಒಳಗಿನಿಂದ ಪಿಸುಮಾತು ಕೇಳಿಸಿತು. "ಗೋಡೆಗೆ ಒರಗಿ ಕೂತ್ಕೊಳ್ಳಿ, ಮಕ್ಳೇ. ಯಾರೂ ಅಳ್ಬಾರ್ದು. ಟೀಚರ್ ಇಲ್ಲೇ ಇದೀನಿ."

ಬಂದೂಕಿನವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಅವಳು ಮಕ್ಕಳಿಗೆ ಆಗಾಗ ಅಭ್ಯಾಸ ಮಾಡಿಸುವುದು ಡ್ವೈಟನಿಗೆ ಗೊತ್ತಿತ್ತು. ಆದರೆ ಆ ಕೋಣೆಯಲ್ಲಿ ಒಂದು ಮಗುವೂ ಇರಲಿಲ್ಲ.