ಕೂತಾಗಿನ ಅಳತೆ

ಬೈಕಿನ ಚೈನನ್ನು ವೀಣೆಯ ತಂತಿಯ ಹಾಗೆ ಒಮ್ಮೆ ಮೀಟಿ ಗುಮಾಸ್ತರು ಸೊಂಟ ಹಿಡಿದುಕೊಂಡು ಎದ್ದರು. ಬೆಳಗಿನಿಂದ ಅಂಗಳದಲ್ಲೇ ಬೀಡುಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಂಡಿ ಕೊಂಡಿಯನ್ನೂ ತಿಕ್ಕಿ, ಎಣ್ಣೆ ಬಿಟ್ಟು, ಹಿಂದಿನ ಚಕ್ರವನ್ನು ಹಿಂದಕ್ಕೆಳೆದು ನಟ್ಟು ಬಿಗಿದಿದ್ದರು. ಜೋತುಬಿದ್ದಿದ್ದ ಚೈನು ಈಗ ಕವಾಯತಿಗೆ ನಿಂತ ಪೊಲೀಸಿನವನಂತಿತ್ತು.

ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು, ಮೂಗಿನಲ್ಲೇ ಮಾತಾಡಿ ಅಣಕಿಸಿದರು: "ಚೈನ್ ಬಿಗಿಯೋದು ಅಂದ್ರೆ ಅರ್ಜಿಗೆ ಮೊಹರು ಒತ್ತಿದಂಗಲ್ಲ ಸಾರ್. ನಾಳೆ ಸಂಜೆ ಬಂದು ನೋಡ್ತೀನಿ. ಸರಿ ಇದ್ರೆ ಬೀದಿಗೆಲ್ಲ ಹೇಳ್ತೀನಿ. ತಪ್ಪಿದ್ರೂ ಹೇಳ್ತೀನಿ."

ಥೇಟ್ ಮೂಲೆ ಗ್ಯಾರೇಜಿನ ಮೆಕ್ಯಾನಿಕ್ಕಿನ ದನಿ. ಚೈನು ನಾನೇ ಬಿಗಿದುಕೊಳ್ತೀನಿ ಎಂದು ಗುಮಾಸ್ತರು ಜಂಬ ಕೊಚ್ಚಿದ್ದಕ್ಕೆ ನಿನ್ನೆ ಅವನು ಹೀಗೆಂದಾಗ ಸುತ್ತ ನಿಂತವರೆಲ್ಲ ಕಿಸಕ್ಕೆಂದಿದ್ದರು. ಆ ನಗುವನ್ನು ಇವತ್ತು ಅವರ ಬಾಯಿಗೇ ವಾಪಸ್ ತುರುಕಬೇಕಿತ್ತು.

ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇದ್ದಂತೆ ಹೊರಗೆ ಬಂದು ಚೈನು ನೋಡಿದಳು.

"ಇದು ನಿಂತವರ ಅಳತೆ ಕಣ್ರೀ. ಹೊಟ್ಟೆ ಒಳಗೆಳ್ಕೊಂಡು ಪ್ಯಾಂಟಿಗೆ ಅಳತೆ ಕೊಡ್ತಾರಲ್ಲ, ಹಾಗಿದೆ. ಕೂತಾಗ ತಾನೇ ಬಂಡವಾಳ ಬಯಲಾಗೋದು?"

"ಚೈನು ಎಲ್ಲಿ ಕೂರುತ್ತೆ ಮಹರಾಯ್ತಿ?"

"ನೀವು ಕೂತ್ಕೊಳ್ಳಿ."

ಗುಮಾಸ್ತರು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಸೀಟಿನ ಮೇಲೆ ಕೂತರು. ಬೈಕಿನ ಹಿಂಭಾಗ ಕುಸಿಯಿತು. ಅವಳು ಚೈನನ್ನು ಒತ್ತಿದಳು, ಕಬ್ಬಿಣದ ಸರಳು. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಒಂದು ಗುಂಡಿಗೆ ಇಳಿದ್ರೆ ಹರಿಯುತ್ತೆ. ಇನ್ನು ಹಿಂದೆ ಒಬ್ಬರು ಕೂತ್ರಂತೂ ಮುಗೀತು. ಎಡಗಡೆ ಎಷ್ಟು ಸುತ್ತು ಬಿಗಿದ್ರಿ?"

"ಆರು."

"ಬಲಗಡೆ?"

"ಅದು... ಒಂದು ಅಂದಾಜಿನಲ್ಲಿ."

"ಒಂದು ತೋಳು ಗಿಡ್ಡ, ಒಂದು ತೋಳು ಉದ್ದ. ಅದಕ್ಕೇ ಚಕ್ರ ಸೊಟ್ಟಗಿದೆ."

ಸೆರಗು ಸಿಕ್ಕಿಸಿ ಅವಳೇ ಹಿಂದಿನ ಚಕ್ರದ ಪಕ್ಕ ನೆಲಕ್ಕೆ ಕೂತಳು. ನಟ್ಟು ಸಡಿಲಿಸಿ, ಎರಡೂ ಕಡೆ ಟೇಪು ಹಿಡಿದು ಸಮ ಮಾಡಿದಳು. "ಕೂತ್ಕೊಳ್ಳಿ", "ಇಳೀರಿ", ಮತ್ತೆ "ಕೂತ್ಕೊಳ್ಳಿ". ಹತ್ತು ಸಲ ಹತ್ತಿ ಇಳಿದ ಗುಮಾಸ್ತರ ಬೆನ್ನು ಬೆವರಿತು. ಕೊನೆಗೆ ಅವರು ಕೂತಾಗಲೂ ಚೈನು ಹಗುರವಾಗಿ ಆಡುವಷ್ಟು ಸಡಿಲ ಬಿಟ್ಟು, ನಟ್ಟನ್ನು ಗಟ್ಟಿಯಾಗಿ ಬಿಗಿದು ಒಳಗೆ ಹೋದಳು. ಯಾರದೋ ಕುಪ್ಪಸ ಅರ್ಧಕ್ಕೆ ನಿಂತಿತ್ತು.

ಸಂಜೆ ಮೆಕ್ಯಾನಿಕ್ ಬಂದ. ಚಕ್ರ ತಿರುಗಿಸಿದ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದ. ಗುಮಾಸ್ತರನ್ನು ಕೂರಿಸಿ ಚೈನು ಒತ್ತಿದ. ಬಾಯ್ತುದಿಗೆ ತಂದುಕೊಂಡಿದ್ದ ನಗುವನ್ನು ನುಂಗಿಕೊಂಡ.

"ನಮ್ಮ ಹುಡುಗರಿಗೂ ಆಳನ್ನ ಕೂರಿಸಿ ನೋಡ್ರೋ ಅಂತ ಹೇಳಿ ಹೇಳಿ ಸಾಕಾಗಿದೆ. ಇದನ್ನ ಯಾರು ಮಾಡಿದ್ದು ಸಾರ್?"

"ನಾನು" ಎಂದುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಬೀದಿಗೆಲ್ಲ ಅದೇ ಹೋಗುತ್ತಿತ್ತು. ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

"ನನ್ನ ಹೆಂಡತಿ," ಎಂದರು. ಯಾರ ದನಿಯೂ ಅಲ್ಲ, ಅವರದೇ. ಆಮೇಲೆ ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಏನನ್ನೂ ಕೇಳದೆ ತಮ್ಮ ಪಾಡಿಗೆ ಹೋಗುತ್ತಿದ್ದ ಅಂಚೆಯವರನ್ನು ನಿಲ್ಲಿಸಿ ಮತ್ತೂ ಒಮ್ಮೆ ಹೇಳಿದರು.

ಒಳಗೆ ಹೊಲಿಗೆ ಯಂತ್ರದ ಸದ್ದು ಒಂದು ಗಳಿಗೆ ನಿಂತಿತು. ಮರುಗಳಿಗೆಗೆ ಎರಡು ಪಟ್ಟು ವೇಗದಲ್ಲಿ ಓಡತೊಡಗಿತು.