ಯಾವೂರಾಯ್ತು?

ಕಂಡಕ್ಟರು ಈ ಕಡೆ ತಿರುಗುವಷ್ಟರಲ್ಲಿ ಅಂದಾನಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಸ್ಸಿನಿಂದ ಇಳಿದುಬಿಟ್ಟ. ಗುರುತು ಸಿಕ್ಕರೆ ಇವತ್ತಿನ ದಿನವೂ ಹಾಳು. ಬಸ್ಸು ಮೇಲುಕೋಟೆಯ ಕಡೆ ಹೋದ ಮೇಲೆಯೇ ಚೀಲವನ್ನು ಬೆನ್ನಿಗೇರಿಸಿ ಹಳ್ಳಿಯೊಳಕ್ಕೆ ನಡೆದ.

ಮೊದಲ ಮನೆಯ ಜಗಲಿಯಲ್ಲಿ ಇಬ್ಬರು ಹುಡುಗರು ಕೂತಿದ್ದರು. ಅವರಿಗೂ ಬೆನ್ನುಚೀಲ; ಬೆಟ್ಟಕ್ಕೆ ನಡೆದೇ ಹೊರಟವರು. ಮನೆಯೊಡತಿ ದ್ಯಾವಮ್ಮ ಬೋರಲು ಹಾಕಿದ್ದ ಮೊಸರಿನ ಗಡಿಗೆಗಳನ್ನು ಸರಿಸಿ ಅವನಿಗೂ ಜಾಗ ಮಾಡಿದಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಅಂದಾನಯ್ಯ ಟವೆಲನ್ನು ಮತ್ತೆ ಮುಖಕ್ಕೆ ಎಳೆದುಕೊಂಡ.

“ಯಾವೂರಾಯ್ತು ಯಜಮಾನ್ರೆ?”

ಅಬ್ಬ! “ಬೀದರ್,” ಎಂದ.

“ಅಯ್ಯೋ, ಅಷ್ಟು ದೂರದಿಂದ್ಲಾ! ಕೂತ್ಕಳಿ, ಕೂತ್ಕಳಿ.”

ಯಾವೂರೆಂದು ಕೇಳಿ ಬರಿಹೊಟ್ಟೆಯಲ್ಲಿ ಕಳಿಸುವ ರೂಢಿ ಆ ಕಡೆ ಇಲ್ಲ. ಬೆಲ್ಲ, ನೀರು ಬಂತು, ಹಿಂದೆಯೇ ಮುದ್ದೆ ಬಂತು. “ಇನ್ನೊಂದು ತುತ್ತು” ಎಂದಳು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಹಾಗೆಂದವರೇ ಇಲ್ಲ. ಅವನ ಕಣ್ಣು ತುಂಬಿತು.

“ನಂದು ಮೊದಲನೇ ಟ್ರಿಪ್ಪು,” ಎಂದ ಚಿಕ್ಕ ಹುಡುಗ, ಕ್ಯಾಮೆರಾಗೆ ಹೊಸ ರೀಲು ಹಾಕುತ್ತಾ. “ಕಂಡಿದ್ದೆಲ್ಲ ಫೋಟೋ ಹೊಡೀಬೇಕು.”

ದೊಡ್ಡವನು ನಕ್ಕ. “ನಂಗೆ ಆ ಹುಚ್ಚು ಬಿಟ್ಟು ಎಷ್ಟೋ ಕಾಲ ಆಯ್ತು. ಮನೇಲಿ ಎಲ್ಲಿಗೆ, ಯಾಕೆ ಅಂತ ಕೇಳ್ತಾನೇ ಇರ್ತಾರೆ. ತಪ್ಪಿಸ್ಕೊಂಡು ಹೊರಡ್ತೀನಿ. ನೀವು, ಸಾರ್?”

“ನಾನು ನಿಮಗಿಂತ ಹಳಬ,” ಎಂದ ಅಂದಾನಯ್ಯ. “ಯಾರಾದರೂ ಕೇಳಲಿ ಅಂತಲೇ ಹೊರಡುತ್ತೇನೆ.”

ಹುಡುಗರಿಗೆ ತಲೆಬುಡ ತಿಳಿಯಲಿಲ್ಲ. ಹೊರಡುವಾಗ ಚಿಕ್ಕವನು ಗೌರವಕ್ಕೆ ಅವನ ಚೀಲವನ್ನೂ ಎತ್ತಿಕೊಡಲು ಹೋದ. ಏನೂ ಭಾರವಿಲ್ಲ. ಅಂದಾನಯ್ಯ ಸರಕ್ಕನೆ ಕಸಿದುಕೊಂಡ. ದ್ಯಾವಮ್ಮ ಕಂಡೂ ಕಾಣದವಳಂತೆ ತಟ್ಟೆ ಎತ್ತಿದಳು.

ಹುಡುಗರು ಹೋದ ಮೇಲೆ ಜಗಲಿ ಬಿಕೋ ಎಂದಿತು. ಅವನೂ ಏಳಬೇಕಿತ್ತು, ಮನಸ್ಸು ಬರಲಿಲ್ಲ. ಬಿಸಿಲು ಇಳಿಯುವವರೆಗೆ ಕೂತೇ ಇದ್ದ. ಕೊನೆಗೆ ಎದ್ದು ಕೈಮುಗಿದ.

“ಬರುತ್ತೇನಮ್ಮ. ಬೀದರಿನ ಕಡೆ ಬಂದರೆ ನಮ್ಮ ಮನೆಗೆ ಬನ್ನಿ.”

ದ್ಯಾವಮ್ಮ ನಾಳೆಯ ವ್ಯಾಪಾರಕ್ಕೆ ಗಡಿಗೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಬಿರ್ನೆ ಓಗಿ, ನಿಮ್ಮ ಪಾಂಡವಪುರದ ಬಸ್ಸು ಬಂದ್ಬುಡ್ತದೆ. ದಿನಾ ನಿಮ್ಮ ಬಾಗ್ಲ ಮುಂದ್ಲೇ ಮೊಸ್ರು ಮೊಸ್ರು ಅಂತ ಕೂಗ್ಕೊಂಡು ಓಯ್ತೀನಿ, ಅಂದಾನಯ್ನೋರೆ. ನಾಳೆ ಬಾಗ್ಲು ತೆಗೀರಿ, ಅಲ್ಲೇ ಕೇಳ್ತೀನಿ ಯಾವೂರಾಯ್ತು ಅಂತ.”