ಶತಪದಿಗೆ ಒಂದು ಹೆಸರು

"ಇದಕ್ಕೆ ನಿಮ್ಮ ಹೆಸರನ್ನೇ ಇಡ್ತಿದ್ದೀನಿ ಮೂಗಯ್ಯ," ಎಂದು ಸಂಶೋಧಕಿ ಪದ್ಮಾವತಿ ಹಾಳೆ ತೋರಿಸಿದಳು. ಮೈಸೂರಿನ ಆ ಪ್ರಯೋಗಾಲಯದ ಮೇಜಿನ ಮೇಲೆ, ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ, ಒಂದೇ ಒಂದು ದ್ವೀಪದ ಗುಹೆಯಲ್ಲಿ ಮಾತ್ರ ಸಿಗುವ, ವಿಜ್ಞಾನದಲ್ಲಿ ಇನ್ನೂ ಹೆಸರಿಲ್ಲದ ಹೊಸ ಜಾತಿಯ ಶತಪದಿ ಇತ್ತು. ಬಂಡೆಯ ಬಿರುಕಿನೊಳಗೆ ತೆವಳಿಹೋಗಿ, ಅದರಿಂದ ಕಚ್ಚಿಸಿಕೊಂಡು, ಹಿಡಿದು ತಂದವನು ಅಟೆಂಡರ್ ಮೂಗಯ್ಯ.

ಅವನು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. "ನನ್ನೆಸ್ರು ಸರ್ವಿಸ್ ಬುಕ್ಕಲ್ಲಾದ್ರೂ ಐತೆ ಮೇಡಂ. ನಮ್ಮವ್ವ ಮಂಚಮ್ಮಂದು ಒಂದು ಕಾಗ್ದದಲ್ಲೂ ಇಲ್ಲ. ರೇಷನ್ ಕಾರ್ಡ್ ಬರೋಕ್ಮುಂಚೇನೆ ಓಗ್ಬುಟ್ಳು. ಅವಳ್ದು ಇಡಿ."

ಪದ್ಮಾವತಿ ಮೊದಲಿನ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆದಳು. ಇಂಗ್ಲಿಷ್ ಓದಲು ಬಾರದ ಮೂಗಯ್ಯ ಹಾಳೆಯ ಮೇಲೆ ಬಗ್ಗಿ, "ಇದ್ರಲ್ಲಿ ಅವ್ವ ಎಲ್ಲವ್ಳೆ?" ಎಂದು ಮೆಲ್ಲಗೆ ಕೇಳಿದ. ಅವಳು ಅವನ ಬೆರಳು ಹಿಡಿದು ಆ ಅಕ್ಷರಗಳ ಮೇಲಿಟ್ಟಳು.